ಬಡ್ಡಿಲೆಕ್ಕದಿಂದ ಹರಾಜು ಚೀಟಿಯವರೆಗೆ: ಕರ್ನಾಟಕದಲ್ಲಿ ಹಣಕಾಸು ಗಣಿತ

ಅಸಲು, ಬಡ್ಡಿ, ಅವಧಿಗಳ ಲೆಕ್ಕಾಚಾರಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ‘ಮಿಶ್ರಕ ವ್ಯವಹಾರ’ ಎಂಬ ಅಧ್ಯಾಯದಲ್ಲಿ ಬಡ್ಡಿಯ ಲೆಕ್ಕಗಳಿಗೆ ದೊಡ್ಡ ಪಾಲು ಸಂದಿದೆ. ಅಸಲು–ಬಡ್ಡಿ ಬೆರೆತ ಮೊತ್ತದಿಂದ ಎರಡನ್ನೂ ಬೇರ್ಪಡಿಸುವುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. ನೂರಕ್ಕೆ ತಿಂಗಳಿಗೆ 2ರಂತೆ 10 ತಿಂಗಳಲ್ಲಿ 240 ಆಗಿರುವ ಹಣದ ಅಸಲು 200. ಮುಂದೆ ಬರುವ ಹಣದ ಇಂದಿನ ಬೆಲೆ ಕಟ್ಟುವ ಈಗಿನ ಪದ್ಧತಿಯ ತಿರುಳೂ ಇದೇ, ಸರಳಬಡ್ಡಿಯ ರೂಪದಲ್ಲಿ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದರು.

ಈ ಲೆಕ್ಕಗಳಲ್ಲೆಲ್ಲ ಸಾಲಗಾರ ಮಾತು ತಪ್ಪುವುದಿಲ್ಲ, ದರವೂ ಏರಿಳಿಯುವುದಿಲ್ಲ. ಅನಿಶ್ಚಿತತೆ ಹಣಕಾಸು ಗಣಿತದೊಳಗೆ ಬಂದದ್ದು ತಡವಾಗಿ. 1900ರಲ್ಲಿ ಲೂಯಿ ಬಾಶೆಲಿಯೆ ಪ್ಯಾರಿಸ್ಸಿನಲ್ಲಿ ಮಂಡಿಸಿದ ಪ್ರಬಂಧ ಬೆಲೆಗಳ ಏರಿಳಿತವನ್ನು ಸಂಭವನೀಯತೆಯ ವಿಷಯವಾಗಿಸಿತು. 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್, ಗೊತ್ತುಪಡಿಸಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಾದ ಆಪ್ಷನ್‌ಗೆ ಬೆಲೆ ಕಟ್ಟುವ ಸೂತ್ರ ಕೊಟ್ಟರು. ಭಾರತದಲ್ಲಿ ಸೂಚ್ಯಂಕ ಆಪ್ಷನ್ ವಹಿವಾಟು ಶುರುವಾದದ್ದು 2001ರಲ್ಲಿ. ಏರಿಳಿತದ ಪ್ರಮಾಣ ಸದಾ ಒಂದೇ ಎಂಬುದು ಆ ಸೂತ್ರದ ದುರ್ಬಲ ಊಹೆ. ಅದನ್ನು ಕೈಬಿಟ್ಟು, ಮಾರುಕಟ್ಟೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುವ ಅರೆ-ಮಾರ್ಕೋವ್ ಮಾದರಿಯಲ್ಲಿ ಬೆಲೆ ಕಟ್ಟುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೃಣಾಲ್ ಘೋಷ್ ಅವರು ಅನಿಂದ್ಯ ಗೋಸ್ವಾಮಿ ಅವರೊಡನೆ 2009ರಲ್ಲಿ ಪ್ರಕಟಿಸಿದರು. ಅಂಥ ಮಾರುಕಟ್ಟೆಯಲ್ಲಿ ನಷ್ಟದ ಅಪಾಯವನ್ನು ಪೂರ್ತಿ ನೀಗಲಾಗದು, ಕನಿಷ್ಠಗೊಳಿಸಬಹುದು ಅಷ್ಟೇ.

ಹಣಕಾಸು ಗಣಿತದ ಹೊಸ ಸಂಶೋಧಕರು ಸಾಮಾನ್ಯವಾಗಿ ಆಪ್ಷನ್ನಿನಿಂದಲೇ ಆರಂಭಿಸುತ್ತಾರೆ. ಆದರೆ ಬೆಂಗಳೂರಿನ ಓಕಳಿಪುರಂ, ಚಾಮರಾಜಪೇಟೆಗಳಂಥ ಬಡಾವಣೆಗಳ ಜನರಿಗೆ ಚಿರಪರಿಚಿತವಾದ ಹರಾಜು ಚೀಟಿ ಇನ್ನೂ ಒಳ್ಳೆಯ ಆರಂಭ. ಇದರಲ್ಲಿ ಪ್ರತಿ ತಿಂಗಳು ಕೂಡಿದ ಹಣ, ಹರಾಜಿನಲ್ಲಿ ಅತಿ ಹೆಚ್ಚು ಬಿಟ್ಟುಕೊಡಲು ಒಪ್ಪಿದ ಸದಸ್ಯರಿಗೆ ಸಲ್ಲುತ್ತದೆ. 20 ಸದಸ್ಯರು ತಿಂಗಳಿಗೆ 5,000 ರೂಪಾಯಿಯಂತೆ ಕಟ್ಟುವ 1 ಲಕ್ಷದ ಚೀಟಿಯನ್ನು ಒಬ್ಬರು 25,000 ಬಿಟ್ಟು ಕೂಗಿದರೆ ಅವರ ಕೈಗೆ 75,000 ಬರುತ್ತದೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಶೇ. 5ರ ಕಮಿಷನ್, ಅಂದರೆ 5,000, ಕಳೆದು ಉಳಿದ 20,000 ಎಲ್ಲರಿಗೂ ಹಂಚಿಹೋಗುತ್ತದೆ. ತಲೆಗೆ 1,000, ಕಂತು 4,000ಕ್ಕೆ ಇಳಿಯಿತು. ಮೊದಲು ಚೀಟಿ ಎತ್ತಿದವರು ಸಾಲಗಾರರು, ಕೊನೆಯವರೆಗೆ ಕಾಯುವವರು ಉಳಿತಾಯಗಾರರು. ಸ್ವಾರಸ್ಯವಿರುವುದು ಮೊದಲಿಗರ ಬಡ್ಡಿದರದಲ್ಲಿ: ಅವರು ಮುಂದೆ ಕಟ್ಟಬೇಕಾದ 19 ಕಂತುಗಳ ಗಾತ್ರವನ್ನು ಇನ್ನೂ ನಡೆಯದ ಹರಾಜುಗಳೇ ತೀರ್ಮಾನಿಸುವುದರಿಂದ, ಕೂಗುವ ಗಳಿಗೆಯಲ್ಲಿ ಆ ದರ ಅವರಿಗೇ ಗೊತ್ತಿರುವುದಿಲ್ಲ. ಎಲ್ಲ ಮುಗಿದ ಮೇಲೂ ಅದನ್ನು ಕಂಡುಹಿಡಿಯಲು ಉನ್ನತ ಘಾತದ ಸಮೀಕರಣ ಬಿಡಿಸಬೇಕು.

ಅರ್ಥಶಾಸ್ತ್ರಜ್ಞರಾದ ಬೆಸ್ಲಿ, ಕೋಟ್ ಮತ್ತು ಲೌರಿ 1993ರಲ್ಲಿ, ಹಣ ಯಾರಿಗೆ ಎಂಬುದನ್ನು ಅದೃಷ್ಟದ ಎತ್ತುವಿಕೆಯಿಂದ ತೀರ್ಮಾನಿಸುವ ಲಾಟರಿ ಚೀಟಿಯನ್ನೂ ಹರಾಜು ಚೀಟಿಯನ್ನೂ ಗಣಿತೀಯವಾಗಿ ಹೋಲಿಸಿದರು. ಸದಸ್ಯರೆಲ್ಲರ ಅಗತ್ಯ ಒಂದೇ ಬಗೆಯದಾಗಿದ್ದರೆ ಲಾಟರಿಯೇ ಮೇಲು ಎಂಬುದು ಅವರ ಫಲಿತಾಂಶ. ಆದರೆ ಮದುವೆ, ಆಸ್ಪತ್ರೆ, ಅಂಗಡಿಯ ಬಂಡವಾಳ ಎಂದು ಅಗತ್ಯಗಳು ಬೇರೆಬೇರೆಯಾದಾಗ ಹರಾಜಿಗೆ ಅರ್ಥವಿದೆ. ಚೀಟಿ ಎತ್ತಿದವರು ಕಂತು ನಿಲ್ಲಿಸುವ ಸಾಧ್ಯತೆಯನ್ನು ಸೇರಿಸಿದರೆ ಮಾದರಿ ಮತ್ತಷ್ಟು ಜಟಿಲವಾಗುತ್ತದೆ. ಕಾನೂನಿನ ಬದಲಾವಣೆಯೂ ಲೆಕ್ಕವನ್ನು ತಿರುಗಿಸುತ್ತದೆ: 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಶೇ. 5 ಇದ್ದ ಕಮಿಷನ್ ಮಿತಿ 2019ರ ತಿದ್ದುಪಡಿಯಿಂದ ಶೇ. 7ಕ್ಕೆ ಏರಿತು. ಮೇಲಿನ ಚೀಟಿಯಲ್ಲಿ ಆ ಗರಿಷ್ಠ ಕಮಿಷನ್ ಹಿಡಿದರೆ ತಲೆಗೆ ಸಿಗುವುದು 900 ರೂಪಾಯಿ.