ಓರ್ಖೋನ್ ಶಾಸನಗಳೂ ಸ್ವರಸಾಮರಸ್ಯವೂ

ಸಂಸ್ಕೃತದಲ್ಲಿ ಸ್ವರಸಂಧಿಯು ಸ್ವರಗಳೆರಡೂ ಅವ್ಯವಹಿತವಾಗಿದ್ದಲ್ಲಿಯೇ ಆಗತಕ್ಕುದು. ವ್ಯವಧಾನವನ್ನು ದಾಟುವುದು 'ರಾಮೇಣ' ಎಂಬಲ್ಲಿಯ ಣತ್ವದಂತಹ ವ್ಯಂಜನಕಾರ್ಯವು. ತುರ್ಕಿಯಲ್ಲಾದರೋ ಸ್ವರವೇ ವ್ಯಂಜನವನ್ನು ದಾಟಿ ಮುಂದಣ ಸ್ವರವನ್ನಾಳುವುದು. ಕುದುರೆಯೆಂಬರ್ಥದ 'ಅತ್' ಶಬ್ದಕ್ಕೆ ಬಹುವಚನವು 'ಅತ್‌ಲರ್'. ಮನೆಯೆಂಬರ್ಥದ 'ಎವ್' ಶಬ್ದಕ್ಕೆ 'ಎವ್‌ಲೆರ್'.

ಈ ನಿಯಮದ ಪ್ರಾಚೀನತೆಗೆ ಮಂಗೋಲಿಯಾದ ಓರ್ಖೋನ್ ಕಣಿವೆಯ ಶಿಲಾಶಾಸನಗಳೇ ಸಾಕ್ಷಿ. ಕ್ರಿ. ಶ. 732ರ ಕುಲ್ ತೆಗಿನ್ ಶಾಸನದ ಲಿಪಿಯಲ್ಲಿ ಎಂಟು ಸ್ವರಗಳಿಗೆ ನಾಲ್ಕೇ ಚಿಹ್ನೆಗಳು. ಅವನ್ನೂ ಅನೇಕ ಕಡೆಗಳಲ್ಲಿ ಬರೆದಿಲ್ಲ. ಆದರೂ ಓದು ಕೆಡದು. ಏಕೆಂದರೆ ಬ, ದ, ಲ, ನ, ರ ಮೊದಲಾದ ವ್ಯಂಜನಗಳಿಗೆ ಎರಡೆರಡು ಅಕ್ಷರಗಳುಂಟು: ನಾಲಗೆಯ ಹಿಂಭಾಗದಲ್ಲಿ ಹುಟ್ಟುವ ಸ್ವರಗಳೊಡನೆ ಒಂದು, ಮುಂಭಾಗದಲ್ಲಿ ಹುಟ್ಟುವವುಗಳೊಡನೆ ಮತ್ತೊಂದು. ಬರೆಯದ ಸ್ವರದ ವರ್ಗವನ್ನು ವ್ಯಂಜನವೇ ಸೂಚಿಸುವ ಈ ಜಾಣ್ಮೆ ಅಪೂರ್ವವಾದುದು. 1893ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ವಿಲ್ಹೆಲ್ಮ್ ತೋಮ್ಸೆನ್ ಈ ಲಿಪಿಯ ಮರ್ಮವನ್ನು ಭೇದಿಸಿದನು.

1856ರಲ್ಲಿ ಕಾಲ್ಡ್‌ವೆಲ್ ಪಂಡಿತನು ತೆಲುಗಿನ ಸ್ವರಸಾಮರಸ್ಯವನ್ನು ದ್ರಾವಿಡಕ್ಕೂ ತುರ್ಕಿ ಮೊದಲಾದ ಭಾಷೆಗಳಿಗೂ ಬಾಂಧವ್ಯವುಂಟೆಂಬುದಕ್ಕೆ ಸಾಧನವಾಗಿ ಹಿಡಿದನು. ಈ ಹೇತುವು ದುರ್ಬಲವಾದುದು. ತೆಲುಗಿನ 'ಕತ್ತಿಕಿ' ಎಂಬಲ್ಲಿ ಪ್ರತ್ಯಯವು ಪ್ರಕೃತಿಯನ್ನನುಸರಿಸುವುದು ದಿಟ. 'ಕತ್ತುಲು' ಎಂಬ ಬಹುವಚನದಲ್ಲಿಯೋ ಪ್ರತ್ಯಯದ ಉಕಾರವೇ ಹಿಂದಿರುಗಿ ಪ್ರಕೃತಿಯ ಇಕಾರವನ್ನು ಮಾರ್ಪಡಿಸಿದೆ. ತುರ್ಕಿಯ ನಿಯಮಕ್ಕೆ ಇದು ತೀರ ವಿಪರೀತವಾದ ಗತಿ.