ಅಡ್ಡಹೆಸರಿನ ಆಚೆಗೆ: ಮುಂಬಯಿ ಕನ್ನಡ ಕಥನದಲ್ಲಿ ಪ್ರೇಮ

ಮುಂಬಯಿ ಬಳಿಯ ಡೊಂಬಿವಲಿಯ ಒಂದು ಬಿಲ್ಡಿಂಗಿನಲ್ಲಿ ತುಳು, ಮರಾಠಿ, ಕನ್ನಡ, ಗುಜರಾತಿ ಒಂದೇ ಮೆಟ್ಟಿಲಲ್ಲಿ ಎದುರಾಗುತ್ತವೆ. ಕರಾವಳಿಯಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರಲ್ಲಿ ಅನೇಕರು ಕೈಗೆಟಕುವ ಮನೆ ಹುಡುಕುತ್ತ ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆಗೆ ಸರಿದರು. ಅವರ ಮಕ್ಕಳು ಪ್ರೀತಿಸಿದ್ದು ಊರಿನವರನ್ನಷ್ಟೇ, ತಮ್ಮ ಭಾಷೆಯವರನ್ನಷ್ಟೇ ಅಲ್ಲ. ಈ ಬಗೆಯ ಪ್ರೇಮಕ್ಕೆ ಕನ್ನಡ ಕಥನ ಯಾವ ಭಾಷೆ ಕೊಟ್ಟಿತು ಎಂಬುದು ನನ್ನ ಪ್ರಶ್ನೆ.

ಉತ್ತರ ಹುಡುಕಲು 1899ಕ್ಕೆ ಹೋಗಬೇಕು. ಆ ವರ್ಷ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯನ್ನು ವಿಧವಾ ವಿವಾಹದ ಕಾದಂಬರಿಯೆಂದೇ ಓದುತ್ತೇವೆ. ಎಳೆಯ ವಿಧವೆ ಇಂದಿರೆಗೂ ವಿದ್ಯಾವಂತ ಭಾಸ್ಕರರಾಯನಿಗೂ ಆಗುವ ಮದುವೆ ಅದರ ಕೇಂದ್ರ. ಆದರೆ ನನಗೆ ಅಷ್ಟೇ ಮುಖ್ಯವಾಗಿ ಕಾಣುವುದು ಅದರ ಕಿವಿ. ಪಾತ್ರ ಬದಲಾದಂತೆ ಅಲ್ಲಿ ಆಡುಮಾತೂ ಬದಲಾಗುತ್ತದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಹುಟ್ಟುವಾಗಲೇ ಹಲವು ದನಿಗಳದಾಗಿತ್ತು.

ಆದರೆ ಮುಂಬಯಿಯ ದೊಡ್ಡ ಕನ್ನಡ ಕಾದಂಬರಿಗಳ ಒತ್ತು ಬೇರೆಡೆ ಬಿತ್ತು. ಯಶವಂತ ಚಿತ್ತಾಲರ 'ಶಿಕಾರಿ' (1979) ಕಂಪನಿ ಜಗತ್ತಿನೊಳಗಿನ ಭಯವನ್ನು ಬಗೆದು ನೋಡಿತು. 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾರ್ಮಿಕರ ಹೋರಾಟವನ್ನು ಕೈಗೆತ್ತಿಕೊಂಡಿತು.

ಭಾಷೆ ಮೀರಿದ ಪ್ರೇಮ ನೆಲೆ ಕಂಡದ್ದು ಸಣ್ಣಕತೆಯಲ್ಲಿ, ಅದರಲ್ಲೂ ಜಯಂತ ಕಾಯ್ಕಿಣಿಯವರಲ್ಲಿ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯ ಪೋಪಟ್ ಮತ್ತು ಅಸಾವರಿ ಕನ್ನಡಿಗರಲ್ಲ. ಅವರ ಮದುವೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕು. ಅದರಲ್ಲಿ ಹೆಸರು ಹೇಗೆ ಬರಬೇಕು, ಅಡ್ಡಹೆಸರು ಏನೆಂದು ಹಾಕಬೇಕು? ಜಾತಿ, ಧರ್ಮ, ಪ್ರಾಂತ ಎಲ್ಲವೂ ಆ ಒಂದು ಸಾಲಿಗೆ ಬಂದು ಕೂರುತ್ತವೆ. 'ಇಂದಿರಾಬಾಯಿ'ಯಲ್ಲಿ ಮಾತಿನಲ್ಲಿ ಕೇಳುತ್ತಿದ್ದ ಭೇದ ಇಲ್ಲಿ ಹೆಸರಿನೊಳಗೆ ಅಡಗಿದೆ, ಆಡುವುದೆಲ್ಲ ಕನ್ನಡ. ಇದನ್ನು ಕೊರತೆಯೆನ್ನಲಾರೆ. ಪರಭಾಷೆಯ ಇಬ್ಬರ ಸಂಕೋಚವನ್ನು ಕನ್ನಡ ತನ್ನದೇ ಮನೆಯ ಸಂಕೋಚದಂತೆ ಎತ್ತಿಕೊಂಡದ್ದು ದೊಡ್ಡ ಔದಾರ್ಯ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಇದೇ ಹೆಸರಿನ ಸಂಕಲನಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ಹೊರಗಿನ ಓದುಗರಿಗೂ ಆ ಕತೆ ತಲುಪಿತು.

ಮುಂಬಯಿಯ ಆಚೆ, ಕನ್ನಡದ ಗಡಿಯಲ್ಲಿ ಪ್ರೇಮಕಥನದ ಇನ್ನೊಂದು ಎಳೆಯಿದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ತಲಾಖ್‌ನ ಪ್ರಶ್ನೆಗೆ ಸೀಮಿತಗೊಳಿಸುವುದು ರೂಢಿ. ಆದರೆ ಅದರ ನಾದಿರಾ ಮತ್ತು ರಶೀದರದು ಗಂಡಹೆಂಡಿರ ಪ್ರೇಮಕಥೆ. ನಾದಿರಾಳ ಅಪ್ಪನ ಹಟ ಅವರನ್ನು ಅಗಲಿಸುತ್ತದೆ. ಆ ಪ್ರೀತಿ ಮನಸ್ಸಿಗೆ ತಟ್ಟದೆ ಅನ್ಯಾಯವೂ ತಟ್ಟುವುದಿಲ್ಲ. ಭಾಷೆಯದಲ್ಲದ ಇನ್ನೊಂದು ಗಡಿ ದಾಟಿದ ವಸುಧೇಂದ್ರರ 'ಮೋಹನಸ್ವಾಮಿ' (2013) ಗಂಡು ಗಂಡನ್ನು ಪ್ರೀತಿಸುವ ಬದುಕನ್ನು ಕನ್ನಡದ ಮನೆಮಾತಿನಲ್ಲೇ ಹೇಳಿತು.

ಮತ್ತೆ ಡೊಂಬಿವಲಿಗೆ ಬರೋಣ. 2017ರ ಫೆಬ್ರವರಿಯಲ್ಲಿ 90ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿಯೇ. ಮರಾಠಿಯೂ ಬೇರೂರಿದ ಈ ಊರಿನ ಕನ್ನಡ ಮನೆಗೆ ಮರಾಠಿ ಸೊಸೆ ಬಂದರೆ ಅತ್ತೆಗೆ ಅವಳು 'ಆಯಿ' ಎನ್ನುತ್ತಾಳೆ, ಗಂಡ 'ಅಮ್ಮ' ಎನ್ನುತ್ತಾನೆ. ಅತ್ತೆ ಒಗ್ಗರಣೆ ಹಾಕುತ್ತ ತನ್ನಷ್ಟಕ್ಕೆ ತುಳುವಿನಲ್ಲಿ ಮಾತಾಡಿಕೊಳ್ಳುತ್ತಾಳೆ. ಗುಲ್ವಾಡಿಯವರ ಕಿವಿಗೆ ಆ ಅಡುಗೆಮನೆಯಲ್ಲಿ ಕೆಲಸವಿದೆ.