ಗೃಹಸ್ಥ ಡಿ.ವಿ.ಜಿ.

ಅಮೆರಿಕಕ್ಕೆ ಬಂದಿಳಿದ ಕನ್ನಡಿಗರ ಪೆಟ್ಟಿಗೆಗಳಲ್ಲಿ ಸಾರಿನ ಪುಡಿ, ಉಪ್ಪಿನಕಾಯಿಗಳ ನಡುವೆ ಪುಸ್ತಕವೇನಾದರೂ ಇದ್ದರೆ, ಅದು ಬಹುಮಟ್ಟಿಗೆ ‘ಮಂಕುತಿಮ್ಮನ ಕಗ್ಗ’ವೇ ಆಗಿರುತ್ತದೆ. ನಮ್ಮ ಕೂಟದ ಸಭೆಗಳಲ್ಲಿಯೂ ಯಾರಾದರೊಬ್ಬರು ಕಗ್ಗದ ಒಂದೆರಡು ಪದ್ಯ ಹೇಳದೆ ಭಾಷಣ ಮುಗಿಸುವುದು ಅಪರೂಪ. ಹೀಗಾಗಿ ಡಿ.ವಿ.ಜಿ. ಎಂದರೆ ಬಿಳಿಯ ಪಂಚೆ, ಪೇಟ ಧರಿಸಿದ ಒಬ್ಬ ತತ್ತ್ವಜ್ಞಾನಿ, ಸಂಸಾರದ ಗೊಡವೆ ಇಲ್ಲದ ಋಷಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಅವರನ್ನು ‘ವಿರಕ್ತ ರಾಷ್ಟ್ರಕ’ ಎಂದು ಕರೆದವರೂ ಉಂಟು. ಹಣ, ಅಧಿಕಾರ, ಪದವಿಗಳ ಮಟ್ಟಿಗೆ ಆ ಮಾತು ಅಕ್ಷರಶಃ ನಿಜ. ಮನೆಯ ಮಟ್ಟಿಗೆ ಮಾತ್ರ ಅವರು ವಿರಕ್ತರಲ್ಲ, ಪೂರ್ಣ ಗೃಹಸ್ಥರು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ, ಸಾಹಿತ್ಯ ವಿಮರ್ಶೆ ವೈದ್ಯನ ಕೆಲಸವಲ್ಲವಾದ್ದರಿಂದ, ಈ ಗೃಹಸ್ಥ ಡಿ.ವಿ.ಜಿ.ಯವರನ್ನು ನೆನೆಯೋಣ ಎನಿಸಿತು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಗಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯ ಕೆಲಸ, ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸ, ಹೀಗೆ ಅಲ್ಲಿ ಇಲ್ಲಿ ಅಲೆದು ಕೊನೆಗೆ ಪತ್ರಿಕೋದ್ಯಮಕ್ಕೆ ಬಂದರು. ಇದೇ ಮನುಷ್ಯನಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಡಿ.ಲಿಟ್. ಗೌರವ ನೀಡಿತು. ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಎಂ.ಬಿ.ಬಿ.ಎಸ್. ಆದ ಮೇಲೆ ರೆಸಿಡೆನ್ಸಿಗಾಗಿ ಮತ್ತೆ ಪರೀಕ್ಷೆ ಬರೆದು ಇಲ್ಲಿಗೆ ಬಂದ ನಮ್ಮಂಥವರಿಗೆ ಇದನ್ನು ಓದಿದಾಗ ಸ್ವಲ್ಪ ನಾಚಿಕೆಯೇ ಆಗುತ್ತದೆ.

ಆ ಕಾಲದ ಪತ್ರಿಕೋದ್ಯಮ ಹೊಟ್ಟೆ ತುಂಬಿಸುವ ಉದ್ಯೋಗವಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಕಾಯಿದೆ ಬಂದ ಮೇಲೆ ಹಲವು ಪತ್ರಿಕೆಗಳು ನಿಂತೇ ಹೋದವು. ಸರ್ಕಾರದ ಕೃಪೆ ಬೇಕೆಂದವರು ಬಾಯಿ ಮುಚ್ಚಿಕೊಳ್ಳಬೇಕು, ಬಾಯಿ ತೆರೆದವರು ನಷ್ಟ ಹೊರಬೇಕು. ಇಂಥ ವಾತಾವರಣದಲ್ಲಿ ಡಿ.ವಿ.ಜಿ. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು, ವಾರಕ್ಕೆ ಎರಡು ಬಾರಿ ಬರುವಂತೆ, ಆರಂಭಿಸಿದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರ ಮೇಲೆ ಡಿ.ವಿ.ಜಿ.ಯವರಿಗೆ ಅಪಾರ ಗೌರವ. ಆದರೂ ಸರಿ ಕಾಣದ್ದನ್ನು ಸರಿಯಿಲ್ಲವೆಂದೇ ಬರೆಯುತ್ತಿದ್ದರು. ಓದುಗರು ಮೆಚ್ಚಿದರು, ದಿವಾನರೂ ಬೆಲೆ ಕೊಟ್ಟರು. ಆದರೆ ಮೆಚ್ಚುಗೆಯಿಂದ ದಿನಸಿ ಅಂಗಡಿಯ ಬಾಕಿ ತೀರುವುದಿಲ್ಲವಲ್ಲ!

ಅಂಥ ಮನೆಯನ್ನು ನಡೆಸಿದವರು ಅವರ ಧರ್ಮಪತ್ನಿ ಭಾಗೀರಥಮ್ಮನವರು. ಅವರ ವಿಷಯದಲ್ಲಿ ಒಂದು ಪ್ರಸಂಗ ಪ್ರಸಿದ್ಧವಾಗಿದೆ, ಹಿರಿಯ ಓದುಗರಲ್ಲಿ ಅನೇಕರು ಕೇಳಿರಬಹುದು. ನೆಂಟರ ಮನೆಯಲ್ಲಿ ಏನೋ ಶುಭಕಾರ್ಯ. ಮಕ್ಕಳು ಹೊರಟಿದ್ದಾರೆ, ತಾಯಿ ಮಾತ್ರ ಮನೆಯಲ್ಲೇ ಇದ್ದಾರೆ. ನೀನು ಹೋಗುವುದಿಲ್ಲವೇ ಎಂದು ಡಿ.ವಿ.ಜಿ. ಕೇಳಿದರು. ಇರುವುದು ಈ ಹರಿದ ಸೀರೆ, ಇದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ ಹೆಸರು ಕೆಡುವುದು ನಿಮ್ಮದು. ಮಕ್ಕಳು ಹೋಗಿ ಬಂದರೆ ಸಾಕು ಎಂಬ ಅರ್ಥದ ಉತ್ತರವನ್ನು ಆ ತಾಯಿ ಕೊಟ್ಟರಂತೆ. ಕೊಸರಿಲ್ಲ, ಕಣ್ಣೀರಿಲ್ಲ. ತಮಗೆ ಸೀರೆ ಇಲ್ಲವೆಂಬುದಕ್ಕಿಂತ ಗಂಡನ ಹೆಸರು ಆಕೆಗೆ ದೊಡ್ಡದಾಗಿ ಕಂಡಿತು.

ಈ ಕಥೆಯನ್ನು ಭಾಷಣಕಾರರು ಸಾಮಾನ್ಯವಾಗಿ ಡಿ.ವಿ.ಜಿ.ಯವರ ಪ್ರಾಮಾಣಿಕತೆಗೆ ನಿದರ್ಶನವಾಗಿ ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಇದು ಭಾಗೀರಥಮ್ಮನವರ ಕಥೆ. ಜೊತೆಗೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಗಂಡಹೆಂಡಿರ ನಡುವೆ ಮನೆಯೊಳಗೆ ನಡೆದ ಮಾತು ಹೊರಗಿನವರಿಗೆ ತಿಳಿಯಬೇಕಾದರೆ ಇಬ್ಬರಲ್ಲಿ ಒಬ್ಬರು ಹೇಳಿರಬೇಕು. ಮಾನ ಕಾಪಾಡಲೆಂದು ಮನೆಯಲ್ಲೇ ಉಳಿದ ಹೆಂಗಸು ಅದನ್ನು ಊರಿಗೆ ಹೇಳಿಕೊಂಡು ಬಂದಿರಲಾರರು. ಹಾಗಾದರೆ ಹೇಳಿದವರು ಡಿ.ವಿ.ಜಿ.ಯವರೇ ಎಂದು ಊಹಿಸುವುದರಲ್ಲಿ ತಪ್ಪಿಲ್ಲ. ತಮ್ಮ ಹೆಂಡತಿಗೆ ಉಡಲು ಸರಿಯಾದ ಸೀರೆ ಇರಲಿಲ್ಲವೆಂದು ಯಾವ ಗಂಡಸು ಸುಲಭವಾಗಿ ಹೇಳಿಕೊಳ್ಳುತ್ತಾನೆ? ತಮ್ಮ ಸ್ವಾತಂತ್ರ್ಯದ ಬೆಲೆಯನ್ನು ಯಾರು ತೆತ್ತರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಭಾಗೀರಥಮ್ಮನವರು 1924ರಲ್ಲಿ ತೀರಿಕೊಂಡರು. ಡಿ.ವಿ.ಜಿ.ಯವರಿಗೆ ಆಗ 37 ವರ್ಷ. ಮನೆಯಲ್ಲಿ ಸಣ್ಣ ಮಕ್ಕಳು. ಮಗ ಲಕ್ಷ್ಮೀನಾರಾಯಣಸ್ವಾಮಿಗೆ ಆರು ವರ್ಷ.

ಇಲ್ಲಿ ವೈದ್ಯನಾಗಿ ಒಂದು ಮಾತು ಹೇಳಬೇಕು. 1924ರ ಬೆಂಗಳೂರನ್ನು ಇಂದಿನ ಬೆಂಗಳೂರಿನ ಕಣ್ಣಿನಿಂದ ನೋಡಬಾರದು. 1898ರ ಪ್ಲೇಗಿನ ನೆನಪು ಊರಿಗೆ ಇನ್ನೂ ಮಾಸಿರಲಿಲ್ಲ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಆ ಪ್ಲೇಗಿನ ಕಾರಣದಿಂದ. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ ಇತ್ತು, ಆದರೆ ಹೆಂಗಸರು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಬಂದದ್ದು 1935ರಲ್ಲಿ. ಸಲ್ಫಾ ಔಷಧಿಗಳಿಗೆ ಇನ್ನೂ ಹತ್ತು ವರ್ಷವಿತ್ತು, ಪೆನಿಸಿಲಿನ್ ರೋಗಿಗಳಿಗೆ ದೊರೆಯಲು ಸುಮಾರು ಇಪ್ಪತ್ತು ವರ್ಷವಿತ್ತು. ಹರೆಯದ ತಾಯಂದಿರು ಎಳೆಯ ಮಕ್ಕಳನ್ನು ಬಿಟ್ಟು ಹೋಗುವುದು ಅಂದಿನ ಮನೆಗಳಲ್ಲಿ ಅಪರೂಪವೇನೂ ಆಗಿರಲಿಲ್ಲ. ಹಾಗೆ ಆದಾಗ ಏನು ಮಾಡಬೇಕೆಂಬುದೂ ನಿಶ್ಚಯವಾಗಿತ್ತು. ವರ್ಷ ಕಳೆಯುವುದರೊಳಗೆ ಗಂಡಸಿಗೆ ಇನ್ನೊಂದು ಮದುವೆ. ಮಕ್ಕಳನ್ನು ನೋಡಿಕೊಳ್ಳುವವರು ಬೇಕು ಎಂಬ ನೆಪ ಸಿದ್ಧವಾಗಿಯೇ ಇರುತ್ತಿತ್ತು, ಮಗಳನ್ನು ಕೊಡುವವರೂ ಇರುತ್ತಿದ್ದರು. ನಮ್ಮ ನಿಮ್ಮ ವಂಶವೃಕ್ಷಗಳನ್ನು ಬಿಡಿಸಿ ನೋಡಿದರೆ ಅಂಥ ‘ಎರಡನೆಯ ಸಂಬಂಧ’ದ ಮುತ್ತಜ್ಜಿಯರು ಸಿಕ್ಕೇ ಸಿಗುತ್ತಾರೆ. ಅದೇ ಗಳಿಗೆಯಲ್ಲಿ ಹೆಂಗಸು ವಿಧವೆಯಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿ.ವಿ.ಜಿ. ಮರುಮದುವೆ ಮಾಡಿಕೊಳ್ಳಲಿಲ್ಲ. ಅದಕ್ಕೆ ಕಾರಣಗಳನ್ನು ನಾವು ಕಲ್ಪಿಸಿಕೊಳ್ಳುವುದು ಬೇಡ. ಅವರು ಒಂಟಿಯಾಗಿ ಉಳಿದದ್ದು ಒಂದೆರಡು ವರ್ಷವಲ್ಲ ಎಂಬುದಷ್ಟೇ ಸಾಕು. ಅದೇ 1924ರಲ್ಲಿ ಅವರ ‘ನಿವೇದನ’ ಕವನ ಸಂಗ್ರಹ ಹೊರಬಂತು. 1926ರಿಂದ 1940ರವರೆಗೆ ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಹಲವು ವರ್ಷ ದುಡಿದರು. ಈ ಪಟ್ಟಿಯನ್ನು ಎಲ್ಲ ಪರಿಚಯ ಲೇಖನಗಳಲ್ಲೂ ಕಾಣಬಹುದು. ಆ ಪಟ್ಟಿಯಲ್ಲಿ ಕಾಣದಿರುವುದು ಒಂದೇ: ಇಷ್ಟೆಲ್ಲ ನಡೆದ ವರ್ಷಗಳಲ್ಲೇ ತಾಯಿಯಿಲ್ಲದ ಮಕ್ಕಳು ಆ ಮನೆಯಲ್ಲಿ ಉಂಡು, ಓದಿ, ದೊಡ್ಡವರಾಗುತ್ತಿದ್ದರು.

ಈ ಅವಧಿಗೇ ಸೇರಿದ ಇನ್ನೊಂದು ಪ್ರಸಂಗ ಚೆಕ್ಕುಗಳದು. ಮಿರ್ಜಾ ಇಸ್ಮಾಯಿಲರು 1926ರಿಂದ 1941ರವರೆಗೆ ದಿವಾನರಾಗಿದ್ದರು. ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಗಳಿಗೆ ಸಂಭಾವನೆಯೆಂದು ಬಂದ ಚೆಕ್ಕುಗಳನ್ನು ಡಿ.ವಿ.ಜಿ. ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದರು, ಅವು ಎಷ್ಟೋ ಕಾಲದ ಮೇಲೆ ಸಿಕ್ಕವು ಎಂದು ಹೇಳುತ್ತಾರೆ. ಹಿಂತಿರುಗಿಸಿದರೆ ಕೊಟ್ಟವರಿಗೆ ಅವಮಾನ, ತೆಗೆದುಕೊಂಡರೆ ತಮ್ಮ ಮನಸ್ಸಿಗೆ ಒಪ್ಪಿಗೆಯಿಲ್ಲ. ಆದ್ದರಿಂದ ಪೆಟ್ಟಿಗೆಗೆ! ಈ ಕಥೆಗೆ ಸಭೆಯಲ್ಲಿ ಚಪ್ಪಾಳೆ ಖಂಡಿತ. ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಆ ಹಣದಿಂದ ಮನೆಗೆ ಏನೇನು ಬರಬಹುದಾಗಿತ್ತು ಎಂದು ಎಣಿಸುತ್ತಾ ಹೋದರೆ ಚಪ್ಪಾಳೆ ಅರ್ಧಕ್ಕೆ ನಿಲ್ಲುತ್ತದೆ. ಗೃಹಸ್ಥನು ಬಿಟ್ಟುಕೊಡುವ ಹಣ ಅವನೊಬ್ಬನದಲ್ಲ. ಸಂನ್ಯಾಸಿ ತ್ಯಾಗ ಮಾಡಿದರೆ ಹಸಿಯುವುದು ಅವನ ಹೊಟ್ಟೆ ಮಾತ್ರ.

ನಮ್ಮ ವೃತ್ತಿಯಲ್ಲೂ ಇದರ ಒಂದು ಸಣ್ಣ ರೂಪವನ್ನು ಕಾಣಬಹುದು. ರೆಸಿಡೆನ್ಸಿಯ ದಿನಗಳಲ್ಲಿ ಮೂವತ್ತಾರು ಗಂಟೆ ಒಂದೇ ಸಮನೆ ದುಡಿಯುವ ವೈದ್ಯನನ್ನು ಎಲ್ಲರೂ ಹೊಗಳುತ್ತಾರೆ. ಹಿಮ ಸುರಿಯುವ ಊರಿನ ಅಪಾರ್ಟ್‌ಮೆಂಟಿನಲ್ಲಿ, ಗುರುತು ಪರಿಚಯವಿಲ್ಲದ ಜನರ ನಡುವೆ, ಕೂಸನ್ನು ಎತ್ತಿಕೊಂಡು ಕಾಯುವವರನ್ನು ಯಾರು ಹೊಗಳುತ್ತಾರೆ? ನಮ್ಮ ಕನ್ನಡ ಕೂಟದ ಆರಂಭದ ವರ್ಷಗಳ ಮಾತು ಬಂದಾಗಲೂ ಅಷ್ಟೇ. ಅಧ್ಯಕ್ಷರ, ಕಾರ್ಯದರ್ಶಿಗಳ ಹೆಸರು ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಯುಗಾದಿಯ ಊಟಕ್ಕೆ ಇನ್ನೂರು ಜನರಿಗೆ ತಮ್ಮ ಮನೆಯ ಒಲೆಯ ಮೇಲೆ ಬಿಸಿಬೇಳೆ ಭಾತ್ ಬೇಯಿಸಿದವರ ಹೆಸರು ಎಲ್ಲಿದೆ? ಇರಲಿ, ವಿಷಯಕ್ಕೆ ಬರುತ್ತೇನೆ.

ಹಾಗಾದರೆ ಡಿ.ವಿ.ಜಿ. ಮನೆಯನ್ನು ಕಡೆಗಣಿಸಿದರೇ? ಇದಕ್ಕೆ ಉತ್ತರ ಕೊಡಬಲ್ಲ ಒಬ್ಬ ಸಾಕ್ಷಿ ಇದ್ದಾರೆ. ಅವರೇ ಮಗ ಬಿ.ಜಿ.ಎಲ್. ಸ್ವಾಮಿ. ಆರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ ದೊಡ್ಡ ಸಸ್ಯವಿಜ್ಞಾನಿಯಾದರು. 1940ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದು, ಇರ್ವಿಂಗ್ ಬೈಲಿ ಎಂಬ ಹೆಸರಾಂತ ವಿಜ್ಞಾನಿಯ ಜೊತೆ ಸಂಶೋಧನೆ ಮಾಡಿದರು. ನಮ್ಮಲ್ಲಿ ಬಹುಮಂದಿ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಡಿ.ವಿ.ಜಿ.ಯವರ ಮಗ ಈ ನೆಲದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು ಎಂಬುದು ಇಲ್ಲಿಯ ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಕೆಲಸ ಮಾಡಿದರು.

ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಅವರ ನಗೆ ಗೊತ್ತು. ಗಿಡಮರಗಳನ್ನು ಹುಡುಕಿಕೊಂಡು ವಿದ್ಯಾರ್ಥಿಗಳ ಜೊತೆ ಕಾಡುಮೇಡು ಸುತ್ತಿದ ಆ ಬರಹದಲ್ಲಿ ಪಾಂಡಿತ್ಯವಿದೆ, ತುಂಟತನವಿದೆ, ಲೇಖಕರೇ ಬರೆದ ಚಿತ್ರಗಳಿವೆ. ತಂದೆಯ ಗಂಭೀರ ಶೈಲಿಯ ನೆರಳು ಅದರ ಮೇಲೆ ಬಿದ್ದಿಲ್ಲ. ಪ್ರಖ್ಯಾತ ತಂದೆಯ ಮಕ್ಕಳು ಒಂದೋ ತಂದೆಯ ನಕಲಾಗುತ್ತಾರೆ, ಇಲ್ಲವೇ ತಂದೆಯ ಮೇಲೆ ಮುನಿದು ದೂರವಾಗುತ್ತಾರೆ. ಸ್ವಾಮಿ ಎರಡೂ ಆಗಲಿಲ್ಲ. ತಂದೆ ನಡೆಯದ ದಾರಿಯಲ್ಲಿ ನಡೆದು, ತಂದೆಯ ಭಾಷೆಯಲ್ಲೇ ಬರೆದರು. ಡಿ.ವಿ.ಜಿ.ಯವರಿಗೆ 1967ರಲ್ಲಿ ‘ಶ್ರೀಮದ್ಭಗವದ್ಗೀತಾ ತಾತ್ಪರ್ಯ ಅಥವಾ ಜೀವನಧರ್ಮಯೋಗ’ಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು; ‘ಹಸುರು ಹೊನ್ನು’ ಕೃತಿಗೆ ಅದೇ ಪ್ರಶಸ್ತಿ 1978ರಲ್ಲಿ ಬಂತು. ಹಣವನ್ನು ಕಂಡರಿಯದ ಮನೆಯಲ್ಲಿ ಪುಸ್ತಕ, ಹರಟೆ, ನಗು ಮತ್ತು ಸ್ವಾತಂತ್ರ್ಯಕ್ಕೆ ಕೊರತೆ ಇರಲಿಲ್ಲವೆಂದು ಈ ಮಗನನ್ನು ನೋಡಿಯೇ ಹೇಳಬಹುದು.

ಗೀತೆಯ ಮೇಲಿನ ಆ ಗ್ರಂಥಕ್ಕೆ ‘ಜೀವನಧರ್ಮಯೋಗ’ ಎಂಬ ಹೆಸರಿಟ್ಟದ್ದೇ ಸ್ವಾರಸ್ಯ. ಗುಹೆಗೆ ಹೋಗಿ ಕಣ್ಣು ಮುಚ್ಚಿ ಕೂರುವ ಯೋಗವಲ್ಲ, ಬದುಕನ್ನು ಬದುಕುತ್ತಲೇ ಸಾಧಿಸಬೇಕಾದ ಯೋಗ. 1943ರಲ್ಲಿ ಪ್ರಕಟವಾದ ಕಗ್ಗದಲ್ಲಿಯೂ ಹಾಗೆಯೇ. ಅದರ 945 ಪದ್ಯಗಳಲ್ಲಿ ಬ್ರಹ್ಮ, ಮಾಯೆಗಳ ಪಕ್ಕದಲ್ಲೇ ಅನ್ನ, ಹಸಿವು, ನಂಟು, ಮಕ್ಕಳು ಬಂದು ಕೂರುತ್ತಾರೆ. ಹೆಂಡತಿಯನ್ನು ಕಳೆದುಕೊಂಡು ಹತ್ತೊಂಬತ್ತು ವರ್ಷ ಸಂಸಾರ ತೂಗಿಸಿದವರು ಬರೆದ ಪುಸ್ತಕ ಅದು ಎಂಬುದನ್ನು ನೆನಪಿಟ್ಟುಕೊಂಡು ಒಮ್ಮೆ ಓದಿ ನೋಡಿ. ಸಂಸಾರದ ಬಗ್ಗೆ ಅಲ್ಲಿ ಬರುವ ಮಾತುಗಳು ಬೇರೆಯೇ ಧ್ವನಿಯಲ್ಲಿ ಕೇಳಿಸುತ್ತವೆ.

ಮನೆ ದೊಡ್ಡದಾಗುತ್ತಾ ಹೋಯಿತು ಎಂದರೂ ಸಲ್ಲುತ್ತದೆ. 1945ರ ಫೆಬ್ರವರಿ 18ರಂದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭವಾಯಿತು. ಬಸವನಗುಡಿಯ ಆ ಸಂಸ್ಥೆಯಲ್ಲಿ ಕೂತು ಎಷ್ಟೋ ವರ್ಷ ತರುಣರಿಗೆ ರಾಜ್ಯಶಾಸ್ತ್ರದಿಂದ ಹಿಡಿದು ಕಾವ್ಯದವರೆಗೆ ಪಾಠ ಹೇಳಿದರು. ತಮ್ಮ ಮಕ್ಕಳು ದೊಡ್ಡವರಾದ ಮೇಲೆ ಊರಿನ ಮಕ್ಕಳೆಲ್ಲ ಅವರ ಮನೆಯ ಮಕ್ಕಳಂತೆ ಆದರು. 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ನಾಗರಿಕರು ಸನ್ಮಾನ ಮಾಡಿ, ಸುಮಾರು ಲಕ್ಷ ರೂಪಾಯಿಯ ನಿಧಿಯನ್ನು ಅರ್ಪಿಸಿದರು. ಅಂದಿನ ಲಕ್ಷವೆಂದರೆ ದೊಡ್ಡ ಮೊತ್ತ. 83 ವರ್ಷದ ಡಿ.ವಿ.ಜಿ. ಅದನ್ನು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಈ ದಾನದ ಬಗ್ಗೆ ನನಗೆ ಚೆಕ್ಕುಗಳ ಬಗ್ಗೆ ಇರುವ ಕಸಿವಿಸಿ ಇಲ್ಲ. ಮಕ್ಕಳು ತಮ್ಮ ಕಾಲ ಮೇಲೆ ನಿಂತಾಗಿತ್ತು, ಮನೆಯಲ್ಲಿ ಹರಿದ ಸೀರೆ ಉಟ್ಟು ಕಾಯುವವರು ಯಾರೂ ಇರಲಿಲ್ಲ.

1974ರಲ್ಲಿ ಪದ್ಮಭೂಷಣ ಬಂತು. ಅವರು ಬದುಕಿದ ನಾಗಸಂದ್ರ ರಸ್ತೆಗೆ ಇಂದು ಡಿ.ವಿ.ಜಿ. ರಸ್ತೆ ಎಂದು ಹೆಸರು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಸೀರೆ, ಒಡವೆ ಕೊಳ್ಳಲು ನಮ್ಮಲ್ಲಿ ಎಷ್ಟೋ ಮಂದಿ ಆ ರಸ್ತೆಯ ಅಂಗಡಿಗಳಿಗೇ ಹೋಗುವುದು. 2003ರಲ್ಲಿ ಹತ್ತಿರದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು.

1975ರ ಅಕ್ಟೋಬರ್ 7ರಂದು ಡಿ.ವಿ.ಜಿ. ತೀರಿಕೊಂಡರು. ಐದು ವರ್ಷದ ಮೇಲೆ, 1980ರಲ್ಲಿ, ಸ್ವಾಮಿಯವರೂ ಹೋದರು. ತಂದೆ ಕಣ್ಣು ಮುಚ್ಚಿದಾಗ ಭಾಗೀರಥಮ್ಮನವರು ತೀರಿಕೊಂಡು 51 ವರ್ಷವಾಗಿತ್ತು.